ಕಾಳಿಯ ಕಲ್ಲು, ಬೇಲೂರಿನ ಗಿಳಿ

ಬೇಲೂರಿನ ಚೆನ್ನಕೇಶವ ದೇವಾಲಯಕ್ಕೆ ಹೋದವರು ಯಾರೇ ಆಗಲಿ, ಕತ್ತು ನೋಯುವವರೆಗೆ ಮೇಲೆ ನೋಡುತ್ತ ಒಂದು ಪ್ರದಕ್ಷಿಣೆ ಬರುವುದು ವಾಡಿಕೆ. ಸೂರಿನ ಕೆಳಗೆ ಓರೆಯಾಗಿ ನಿಂತ ಮದನಿಕೆಯರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ತೋರಿಸುತ್ತ ಮಾರ್ಗದರ್ಶಕನು ಮುಂದೆ ಹೋಗುತ್ತಾನೆ. ಇವಳು ದರ್ಪಣಸುಂದರಿ, ಇವಳು ಶುಕಭಾಷಿಣಿ, ಇವಳ ಸೆರಗನ್ನು ಕೋತಿ ಎಳೆಯುತ್ತಿದೆ, ನೋಡಿ. ನಾವೂ ನೋಡುತ್ತೇವೆ. ಆದರೆ ನಾವು ನೋಡುವುದು ಸುಂದರಿಯನ್ನು. ಗಿಳಿಯನ್ನಲ್ಲ, ಕೋತಿಯನ್ನೂ ಅಲ್ಲ. ಕಳೆದ ವರ್ಷ ನಮ್ಮ ಕಾಲೇಜಿನ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದಾಗ ಪದವಿ ತರಗತಿಯ ಹುಡುಗಿಯೊಬ್ಬಳು ಶುಕಭಾಷಿಣಿಯ ಮುಂದೆ ಬಹಳ ಹೊತ್ತು ನಿಂತಿದ್ದು, ಕೊನೆಗೆ, “ಸರ್, ಆ ಗಿಳಿಯ ರೆಕ್ಕೆ ಕತ್ತರಿಸಿದ್ದರೇ?” ಎಂದು ಕೇಳಿದಳು. ಇಪ್ಪತ್ತು ವರ್ಷ ಕನ್ನಡ ಪಾಠ ಹೇಳಿದ ನನಗೆ ಉತ್ತರ ತೋಚಲಿಲ್ಲ. ಕಲ್ಲಿನ ಗಿಳಿ ಹಾರಿಹೋಗದೆ ಕೈಮೇಲೆ ಕುಳಿತಿರುವುದರಲ್ಲಿ ಆಶ್ಚರ್ಯವೇನೂ ಇಲ್ಲ. ನಿಜವಾದ ಗಿಳಿ ಏಕೆ ಕುಳಿತಿತ್ತು ಎಂಬುದು ಅವಳ ಪ್ರಶ್ನೆ.

ವಿಷ್ಣುವರ್ಧನನು ಈ ದೇವರನ್ನು ಪ್ರತಿಷ್ಠಾಪಿಸಿದ್ದು ಕ್ರಿ. ಶ. 1117ರಲ್ಲಿ. ಆ ಕಾಲದ ಶಿಲ್ಪಿಗಳು ಪ್ರಾಣಿಗಳನ್ನು ಎಷ್ಟು ಹತ್ತಿರದಿಂದ ಕಂಡಿದ್ದರೆಂಬುದಕ್ಕೆ ಆನೆಗಳ ಸಾಲು, ಹಂಸಗಳ ಸಾಲು ಎಂದು ದೊಡ್ಡ ಉದಾಹರಣೆಗಳನ್ನು ಕೊಡಬೇಕಾಗಿಲ್ಲ. ಮದನಿಕೆಯೊಬ್ಬಳ ತಲೆಯ ಮೇಲಿನ ಬಳ್ಳಿಯ ಚಪ್ಪರದಲ್ಲಿ ಒಂದು ಹಲಸಿನ ಹಣ್ಣು, ಹಣ್ಣಿನ ಮೇಲೆ ಒಂದು ನೊಣ, ನೊಣದ ಮೇಲೆ ಎರಗಲು ಹೊಂಚು ಹಾಕಿರುವ ಒಂದು ಹಲ್ಲಿ. ಕೆಳಗೆ ನಿಂತವರ ಕಣ್ಣಿಗೆ ಬೀಳುವುದೇ ಕಷ್ಟವಾದಷ್ಟು ಚಿಕ್ಕ ಕೆಲಸ. ಇದನ್ನು ಕಡೆದವನು ಗೋಡೆಯ ಮೇಲಿನ ಹಲ್ಲಿಯನ್ನು ಎಷ್ಟು ಸಂಜೆ ನೋಡುತ್ತ ಕುಳಿತಿದ್ದನೋ! ಪ್ರೀತಿಯಿಂದಲೇ ನೋಡಿದನೆಂದು ಹೇಳಲಾರೆ. ಹಲ್ಲಿಯನ್ನು ಪ್ರೀತಿಸುವವರು ವಿರಳ. ಆದರೆ ಅವನು ನೋಡಿದ್ದಾನೆ. ಈ ಮಾತನ್ನು ವಾಚಕರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ಆ ಶತಮಾನದ ಅರಮನೆಗಳಲ್ಲಿ ಪ್ರಾಣಿಗಳನ್ನು ಸಾಕುವುದು ಒಂದು ಶಾಸ್ತ್ರವೇ ಆಗಿತ್ತು. ಹೊಯ್ಸಳರು ಯಾರಿಗೆ ತಲೆಬಾಗಿದ್ದರೋ ಆ ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು 1126ರಿಂದ 1138ರವರೆಗೆ ಆಳಿದನು. ಅವನು ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಅರಸನ ವಿನೋದಗಳನ್ನು ಹೇಳುವಾಗ ಕೋಳಿಯ ಕಾಳಗ, ಲಾವಕ್ಕಿಯ ಕಾಳಗ, ಟಗರಿನ ಕಾಳಗ, ಪಾರಿವಾಳ, ಡೇಗೆ ಇವುಗಳ ಸಾಲಿನಲ್ಲಿ ನಾಯಿಗೂ ಒಂದು ಅಧ್ಯಾಯ ಮೀಸಲಾಗಿದೆ. ಬೇಲೂರಿನಲ್ಲಿ ಮದನಿಕೆಯರು ಮೂಡಿದ ಕಾಲಕ್ಕೂ ಈ ಗ್ರಂಥದ ಕಾಲಕ್ಕೂ ನಡುವೆ ಹೆಚ್ಚು ಅಂತರವಿಲ್ಲ. ಆದರೆ ಅದು ಅರಸರ ಮಾತು. ಪ್ರಾಣಿಯು ಅಲ್ಲಿ ವಿನೋದದ ವಸ್ತು. ಪ್ರಾಣಿಗಾಗಿ ಮನುಷ್ಯನು ದುಃಖಪಟ್ಟದ್ದನ್ನು ಕಾಣಬೇಕಾದರೆ ಹೊಯ್ಸಳರ ನಾಡನ್ನು ಬಿಟ್ಟು, ಇನ್ನೂ ನೂರೆಪ್ಪತ್ತು ವರ್ಷ ಹಿಂದಕ್ಕೆ, ಮಂಡ್ಯ ಜಿಲ್ಲೆಯ ಆತಕೂರಿಗೆ ಹೋಗಬೇಕು.

ಆತಕೂರಿನ ಶಾಸನವನ್ನು ಹಳಗನ್ನಡ ಓದಿದವರೆಲ್ಲ ಬಲ್ಲರು. ಆದರೂ ಕಥೆಯನ್ನು ಮತ್ತೊಮ್ಮೆ ಹೇಳಬಹುದು. ಕ್ರಿ. ಶ. 949ರ ಸುಮಾರಿಗೆ ತಕ್ಕೋಲದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳರಿಗೂ ದೊಡ್ಡ ಯುದ್ಧ ನಡೆಯಿತು. ಕೃಷ್ಣನ ಕಡೆ ಗಂಗರ ಇಮ್ಮಡಿ ಬೂತುಗನಿದ್ದನು. ಚೋಳ ರಾಜಾದಿತ್ಯನು ಅಲ್ಲಿ ಮಡಿದನು. ಬೂತುಗನ ಆಳು ಮಣಲೆರನು ತೋರಿದ ಪರಾಕ್ರಮಕ್ಕೆ ಒಡೆಯನು ಮೆಚ್ಚಿ, ಏನು ಬೇಕೋ ಕೇಳೆಂದನು. ಇಂಥ ಸಮಯದಲ್ಲಿ ಊರನ್ನು ಕೇಳುವವರುಂಟು, ಹೊನ್ನನ್ನು ಕೇಳುವವರುಂಟು. ಮಣಲೆರನು ಕೇಳಿದ್ದು ಕಾಳಿಯೆಂಬ ನಾಯಿಯನ್ನು. ಅದನ್ನು ತಂದು ಸಾಕಿದನು. ಮುಂದೆ ಬೆಳತೂರಿನ ಪಡುವಣ ಗುಡ್ಡದಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಹೋರಾಡಿ ಒಟ್ಟಿಗೆ ಸತ್ತವು. ಮಣಲೆರನು ಆತಕೂರಿನ ಚಲ್ಲೇಶ್ವರನ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟನು.

ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಚರಿತ್ರೆಯ ವಿದ್ವಾಂಸರಿಗೆ ಇದು ಮುಖ್ಯವಾದದ್ದು ತಕ್ಕೋಲದ ಯುದ್ಧದ ಕಾರಣದಿಂದ. ಅದು ಸರಿಯೇ. ಆದರೆ ಕಲ್ಲಿನ ಮೇಲೆ ಚಿತ್ರವಾಗಿ ಕೊರೆದಿರುವುದು ಚೋಳನ ಸಾವನ್ನಲ್ಲ. ನಾಯಿಯೂ ಹಂದಿಯೂ ಒಂದನ್ನೊಂದು ಕಚ್ಚಿ ಹಿಡಿದಿರುವುದನ್ನು. ಇನ್ನೊಂದು ಮಾತಿದೆ. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಈ ಕಲ್ಲನ್ನು ಪೂಜಿಸದೆ ಊಟ ಮಾಡಿದರೆ, ನಾಯಿ ಮಾಡಿದ ಪಾಪ ಅವನಿಗೆ ತಟ್ಟುವುದೆಂದು ಶಾಸನವು ಎಚ್ಚರಿಸುತ್ತದೆ. ಗೋವನ್ನು ಕೊಂದ ಪಾಪ, ವಾರಣಾಸಿಯಲ್ಲಿ ಮಾಡಿದ ಪಾಪ ಎಂದೆಲ್ಲ ಶಾಸನಗಳಲ್ಲಿ ಓದುತ್ತೇವೆ. ನಾಯಿ ಮಾಡಿದ ಪಾಪ ಯಾವುದು? ತರಗತಿಯಲ್ಲಿ ಈ ಪ್ರಶ್ನೆ ಹಾಕಿದಾಗಲೆಲ್ಲ ಹುಡುಗರು ನಗುತ್ತಾರೆ. ಅಡುಗೆಮನೆಗೆ ನುಗ್ಗಿದ್ದು ಎಂದು ಒಬ್ಬ ಹೇಳಿದ. ಬೇಟೆನಾಯಿ ಕೊಂದ ಮಿಗಗಳ ಲೆಕ್ಕವಿರಬೇಕೆಂದು ನನ್ನ ಊಹೆ. ಹಾಗಿದ್ದರೆ ಆ ಪಾಪದಲ್ಲಿ ಒಡೆಯನದೂ ಅರ್ಧ ಪಾಲು.

ನಾಯಿಯನ್ನು ಮುಟ್ಟಿದರೆ ಸ್ನಾನ ಮಾಡುವ ಮಡಿವಂತರೂ ನಾಯಿಯನ್ನು ದೇವರ ಬಳಿ ಕಾಣಲು ಒಪ್ಪಿದ ನಾಡು ಇದು. ಹೊಯ್ಸಳರ ಗುಡಿಗಳಲ್ಲಿ ಭೈರವನ ಕೈಯ ರುಂಡದಿಂದ ತೊಟ್ಟಿಕ್ಕುವ ನೆತ್ತರಿಗೆ ನಾಯಿಯು ಮೂತಿ ಎತ್ತಿ ನೆಗೆಯುತ್ತಿರುತ್ತದೆ. ಅದರ ನಿಲುವನ್ನು ನೋಡಬೇಕು: ಊಟದ ಎಲೆಯ ಮುಂದೆ ನಮ್ಮ ಬೀದಿಯ ನಾಯಿ ನಿಲ್ಲುವ ನಿಲುವೇ. ಮೈಲಾರಲಿಂಗನ ಗೊರವರು ನಾಯಿಯಂತೆ ಬೊಗಳಿ ದೋಣಿಯ ಪ್ರಸಾದವನ್ನು ತಿನ್ನುವುದು ಇಂದಿಗೂ ಉಂಟು.

ಪ್ರಾಣಿಗಳನ್ನು ಪೂಜಿಸಿದರು, ಕಡೆದರು. ಕಾಯಿಲೆ ಬಂದಾಗ ಏನು ಮಾಡಿದರು? ಕನ್ನಡದಲ್ಲಿ ಇದಕ್ಕೂ ಗ್ರಂಥವಿದೆ. ಸೋಮೇಶ್ವರನ ವಂಶದವನೇ ಆದ ಚಾಲುಕ್ಯ ರಾಜಕುಮಾರ ಕೀರ್ತಿವರ್ಮನು ಹನ್ನೆರಡನೆಯ ಶತಮಾನದ ಆರಂಭದ ಸುಮಾರಿಗೆ ‘ಗೋವೈದ್ಯ’ವನ್ನು ಬರೆದನು. ದನಗಳ ರೋಗಗಳಿಗೆ ಅದರಲ್ಲಿ ಮದ್ದೂ ಇದೆ, ಮಂತ್ರವೂ ಇದೆ. ಒಂದು ಕೈಯಲ್ಲಿ ಬೇರು, ಇನ್ನೊಂದು ಕೈಯಲ್ಲಿ ಯಂತ್ರ. ಕೀರ್ತಿವರ್ಮನನ್ನು ಹಾಸ್ಯ ಮಾಡುವ ಯೋಗ್ಯತೆ ನಮಗಿಲ್ಲ. ಹಳ್ಳಿಯ ಹಿಂದೂಮುಂದೂ ಅವನ ಪುಸ್ತಕದಂತೆಯೇ ಎರಡು ಭಾಗವಾಗಿ ನಡೆದು ಬಂದಿದೆ. ನಮ್ಮ ಮನೆಯಲ್ಲಿಯೂ ಹಾಗೆಯೇ ಇತ್ತು. ಆ ವಿಷಯಕ್ಕೆ ಬರುತ್ತೇನೆ.

ಅದಕ್ಕೆ ಮೊದಲು ಅರಸೀಕೆರೆಯ ಮಾತನ್ನು ಆಡಬೇಕು. ಬೇಲೂರು ಹಳೇಬೀಡುಗಳನ್ನು ನೋಡಲು ಜನ ಬರುತ್ತಾರೆ. ಅರಸೀಕೆರೆಯಲ್ಲಿ ಜನ ರೈಲು ಬದಲಾಯಿಸುತ್ತಾರೆ. ಅಲ್ಲಿ 1220ರ ಸುಂದರವಾದ ಈಶ್ವರನ ಗುಡಿಯಿರುವುದು ಎಷ್ಟೋ ಮಂದಿಗೆ ತಿಳಿಯದು. ಅಲ್ಲಿಂದ ಕಡೂರು, ಬೀರೂರು ದಾಟಿ ಅಜ್ಜಂಪುರದ ಕಡೆಗೆ ಹೋಗುವ ರೈಲಿನ ಕಿಟಕಿಯಿಂದ ಕಾಣುವ ಬಯಲುಸೀಮೆ ಅಮೃತಮಹಲ್ ಕಾವಲುಗಳ ಸೀಮೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎಂದಿದ್ದ ದನಗಳ ಇಲಾಖೆಗೆ ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟನು. ಹೈದರನ ಫಿರಂಗಿಗಳನ್ನು ಎಳೆದದ್ದು ಈ ಎತ್ತುಗಳು. 1799ರ ಅನಂತರ ಇಂಗ್ಲಿಷರ ಫಿರಂಗಿಗಳನ್ನು ಎಳೆದದ್ದೂ ಇವೇ. 1860ರಲ್ಲಿ ಖರ್ಚು ಹೆಚ್ಚೆಂದು ಈ ಮಂದೆಗಳನ್ನು ಮಾರಿಬಿಟ್ಟರು. ಈಜಿಪ್ಟಿನ ಪಾಷಾ ಬಹಳಷ್ಟನ್ನು ಕೊಂಡನು. ಆಮೇಲೆ ಒಳ್ಳೆಯ ಎತ್ತು ಸಿಕ್ಕದೆ ಪೇಚಾಡಿ, ಕೆಲವೇ ವರ್ಷಗಳಲ್ಲಿ ಮತ್ತೆ ಶುರುಮಾಡಿದರು. ಕೊಟ್ಟ ಮೇಲೆ ಬೆಲೆ ತಿಳಿಯುವುದು ಸರ್ಕಾರಗಳಿಗೂ ಉಂಟು.

ಈ ದನಗಳ ಸ್ವಭಾವ ಬೇರೆ. ಬಯಲಿನಲ್ಲೇ ಹುಟ್ಟಿ ಬೆಳೆದವು; ಅಪರಿಚಿತರನ್ನು ಕಂಡರೆ ಕೊಂಬು ತಗ್ಗಿಸುತ್ತವೆ. ಕಾಯುವ ಸೇರ್ವೆಗಾರರು ಮಾತ್ರ ದನದ ಕಿವಿ, ಬಾಲ, ಉಸಿರು ನೋಡಿ ಅದರ ಮನಸ್ಸನ್ನು ಹೇಳಬಲ್ಲವರು. ಕಾವಲುಗಳನ್ನೇ ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿ, ಮೇವು ನೀರುಗಳ ಅನುಕೂಲ ನೋಡಿ ಮಂದೆಯನ್ನು ಸಾಗಿಸುತ್ತಿದ್ದರು. ಕಾಯಿಲೆ ಬಂದ ಮೇಲೆ ಮದ್ದು ಹುಡುಕುವುದಕ್ಕಿಂತ ಇದು ಮೇಲಾದ ವೈದ್ಯ. ಆದರೂ ದೊಡ್ಡರೋಗ ಬಂದರೆ ಯಾವ ಉಪಾಯವೂ ನಡೆಯುತ್ತಿರಲಿಲ್ಲ. ಮಾರಿಯನ್ನು ಊರ ಗಡಿ ದಾಟಿಸಿ ಬರುವುದು, ಪಕ್ಕದ ಊರಿನವರು ಅದನ್ನು ಮತ್ತೂ ಆಚೆಗೆ ದಾಟಿಸುವುದು. ಲಸಿಕೆ ಬಂದು, 1954ರಿಂದ ದೇಶದಾದ್ಯಂತ ದನಗಳಿಗೆ ಹಾಕುತ್ತ ಹೋಗಿ, ಕೊನೆಗೆ 2011ರಲ್ಲಿ ಇಡೀ ಪ್ರಪಂಚದಿಂದಲೇ ಈ ರೋಗ ತೊಲಗಿತೆಂದು ಘೋಷಣೆಯಾಯಿತು. ಮನುಷ್ಯರ ಸಿಡುಬನ್ನು ಬಿಟ್ಟರೆ ಹೀಗೆ ಬುಡಸಮೇತ ಹೋದ ರೋಗ ಇದೊಂದೇ. ಸಿಡುಬು ಹೋದದ್ದು ಎಲ್ಲರಿಗೂ ಗೊತ್ತು. ದೊಡ್ಡರೋಗ ಹೋದದ್ದನ್ನು ಪತ್ರಿಕೆಗಳ ಒಳಪುಟದಲ್ಲಿ ಓದಿದ ನೆನಪು.

ಈಗ ನಮ್ಮ ಮನೆಯ ವಿಷಯ. ನಮ್ಮ ಊರು ಜಾವಗಲ್ಲಿನ ಹತ್ತಿರ. ನಾನು ಐದನೆಯ ತರಗತಿಯಲ್ಲಿದ್ದಾಗ ಮನೆಯಲ್ಲಿ ಕರಿಯನೆಂಬ ನಾಯಿ ಇತ್ತು. ಚಿಕ್ಕಪ್ಪ ಎಂದರೆ ಅದಕ್ಕೆ ಪ್ರಾಣ. ತೋಟದಿಂದ ಅವರು ಬರುವ ಹೊತ್ತಿಗೆ ಕಟ್ಟೆಯ ಮೇಲೆ ಕಾದಿರುತ್ತಿತ್ತು. ಒಂದು ದಿನ ಕಾಯಲಿಲ್ಲ. ಕೊಟ್ಟಿಗೆಯ ಮೂಲೆಯಲ್ಲಿ, ಹುಲ್ಲಿನ ಹಿಂದೆ ಕತ್ತಲಲ್ಲಿ ಹೋಗಿ ಮಲಗಿತ್ತು. ಕರೆದರೆ ಬರಲಿಲ್ಲ. ಅಜ್ಜಿ, “ಯಾರ ಕಣ್ಣೋ ತಾಗೈತೆ” ಎಂದು ಉಪ್ಪು ಮೆಣಸಿನಕಾಯಿ ನೀವಳಿಸಿ ಒಲೆಗೆ ಹಾಕಿದರು. ಮರುದಿನ ಅದರ ಕೆಳದವಡೆ ಜೋತು, ಬಾಯಿಂದ ಜೊಲ್ಲು ಇಳಿಯುತ್ತಿತ್ತು. ಮುದ್ದೆಯನ್ನು ನುಂಗಲಾರದೆ ಬಿಟ್ಟಿತು. ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ಚಿಕ್ಕಪ್ಪನವರಿಗೆ ತೋರಿತು. ಪಾಪ ಎಂದು ಬಾಯಿಯೊಳಗೆ ಕೈ ಹಾಕಿ ತಡಕಿದರು. ಮೂಳೆ ಇರಲಿಲ್ಲ. ಅದು ಕಚ್ಚಲೂ ಇಲ್ಲ. ಹಲ್ಲು ತಾಗಿ ಬೆರಳು ಗೀಚಿತು, ಅಷ್ಟೆ. ಸುಣ್ಣ ಮೆತ್ತಿಕೊಂಡು ಕೆಲಸಕ್ಕೆ ಹೋದರು. ಮೂರನೆಯ ದಿನ ಕರಿಯ ಸತ್ತಿತು.

ಹುಚ್ಚು ನಾಯಿಯೆಂದರೆ ನಾಲಗೆ ಚಾಚಿಕೊಂಡು ಬೀದಿಯಲ್ಲಿ ಓಡುವುದು, ಕಂಡಕಂಡವರನ್ನು ಕಚ್ಚುವುದು ಎಂದು ನಾವೆಲ್ಲ ತಿಳಿದಿದ್ದೆವು. ಸುಮ್ಮನೆ ಮೂಲೆ ಸೇರುವ, ದವಡೆ ಜೋತ, ನುಂಗಲಾರದ ಹುಚ್ಚೂ ಉಂಟೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವರು ಊರಿನ ಶಾಲೆಯ ಹೆಡ್‌ಮಾಸ್ಟರು ಒಬ್ಬರೇ. ಹೊಲದಲ್ಲಿ ಹೂಳಿದ ಸುದ್ದಿ ಕೇಳಿ ಮನೆಗೆ ಬಂದರು. ಅಜ್ಜಿ ನಾಟಿ ಮದ್ದಿನವನೊಬ್ಬನ ಹೆಸರು ಹೇಳುತ್ತಿದ್ದಂತೆಯೇ ಚಿಕ್ಕಪ್ಪನವರನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬಸ್ ನಿಲ್ದಾಣಕ್ಕೆ ಹೋದರು. ಹೊಕ್ಕುಳಿನ ಸುತ್ತ ದಿನಕ್ಕೊಂದರಂತೆ ಹದಿನಾಲ್ಕು ಸೂಜಿ. ಏಳನೆಯ ದಿನ ಚಿಕ್ಕಪ್ಪ ಬರುವುದಿಲ್ಲವೆಂದು ಹಟ ಹಿಡಿದದ್ದೂ, ಆ ಮಾಸ್ತರರು ನಡುಮನೆಯಲ್ಲಿ ನಿಂತು ಬೈದದ್ದೂ ನನಗೆ ಈಗಲೂ ಕಿವಿಯಲ್ಲಿದೆ.

ಆ ಹದಿನಾಲ್ಕು ಸೂಜಿಗಳ ಹಿಂದೆ ಒಂದು ಚರಿತ್ರೆ ಇದೆ. 1885ರ ಜುಲೈ 6ರಂದು ಪ್ಯಾರಿಸಿನಲ್ಲಿ ಲೂಯಿ ಪಾಶ್ಚರನು ಒಂಬತ್ತು ವರ್ಷದ ಹುಡುಗನಿಗೆ ಮೊದಲ ಸಲ ಈ ಲಸಿಕೆಯನ್ನು ಹಾಕಿಸಿದನು. ನಮ್ಮ ದೇಶದಲ್ಲಿ 1900ರಲ್ಲಿ ಕಸೌಲಿಯಲ್ಲಿಯೂ, 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿಯೂ ಪಾಶ್ಚರ್ ಸಂಸ್ಥೆಗಳು ಹುಟ್ಟಿದವು. ಕಸೌಲಿಯಲ್ಲಿ ಡೇವಿಡ್ ಸೆಂಪಲ್ ಎಂಬ ವೈದ್ಯನು ಕುರಿಯ ಮಿದುಳಿನಿಂದ ತಯಾರಿಸಿದ ಲಸಿಕೆಯೇ ಸುಮಾರು ತೊಂಬತ್ತು ವರ್ಷ ನಮ್ಮ ಜನರನ್ನು ಕಾಯಿತು. ಅದು ನೋವಿನದು, ಅಪರೂಪಕ್ಕೆ ಪಾರ್ಶ್ವವಾಯುವನ್ನೂ ತರುತ್ತಿತ್ತು. 2004ರ ಕೊನೆಗೆ ದೇಶದಲ್ಲಿ ಅದನ್ನು ನಿಲ್ಲಿಸಿದರು. ಈಗಿನದು ತೋಳಿಗೆ ಹಾಕುವ ನಾಲ್ಕೈದು ಸೂಜಿ, ಗಾಯ ಆಳವಾಗಿದ್ದರೆ ಗಾಯದ ಸುತ್ತ ಇನ್ನೊಂದು ಮದ್ದು. ಕಚ್ಚಿದ, ಗೀಚಿದ, ಗಾಯ ನೆಕ್ಕಿದ ಕೂಡಲೇ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಖಾರದ ಪುಡಿ, ಅರಿಸಿನ ಯಾವುದೂ ಕೂಡದು. ರೋಗದ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಆಮೇಲೆ ಉಳಿದವರು ಇಲ್ಲವೆಂದೇ ಹೇಳಬೇಕು. ನಗರದ ವಾಚಕರು ಇದನ್ನೆಲ್ಲ ಬಲ್ಲೆವೆನ್ನಬಹುದು. ಬಲ್ಲವರ ಮನೆಯ ಜಾತಿನಾಯಿಗೂ ವರ್ಷದ ಲಸಿಕೆ ತಪ್ಪಿಹೋಗಿರುವುದನ್ನು ನಾನು ಕಂಡಿದ್ದೇನೆ. ಅದು ಹೊರಗೆ ಹೋಗುವುದೇ ಇಲ್ಲವಲ್ಲ ಎಂಬುದು ಸಮಾಧಾನ.

ನಮ್ಮ ಮನೆಯಲ್ಲಿ ಕರಿಯನ ಮೇಲೆ ಪ್ರೀತಿಗೆ ಕೊರತೆ ಇರಲಿಲ್ಲ. ಅದನ್ನು ನೋಡುವವರಿರಲಿಲ್ಲ. ಹಲಸಿನ ಹಣ್ಣಿನ ಮೇಲಿನ ನೊಣವನ್ನೂ ಹಲ್ಲಿಯನ್ನೂ ಕಡೆದ ಶಿಲ್ಪಿಯು ನಮ್ಮ ಕೊಟ್ಟಿಗೆಗೆ ಬಂದಿದ್ದರೆ, ಇದರ ದವಡೆ ಸರಿಯಿಲ್ಲವಲ್ಲ ಎಂದು ಮೊದಲ ದಿನವೇ ಹೇಳುತ್ತಿದ್ದನೇನೋ! ಕೋತಿ ಹಲ್ಲು ಕಿರಿದರೆ ನಾವು ನಕ್ಕಿತೆನ್ನುತ್ತೇವೆ, ಅದು ಹೆದರಿರುತ್ತದೆ. ಗಿಳಿ ತನ್ನ ಪುಕ್ಕವನ್ನು ತಾನೇ ಕಿತ್ತುಕೊಂಡರೆ ಸೆಕೆಯೆನ್ನುತ್ತೇವೆ. ಎಷ್ಟೋ ಸಲ ಅದು ಒಂಟಿತನ. ಖಾರದ ಮೆಣಸಿನಕಾಯಿ ತಿನ್ನಿಸಿದರೆ ಗಿಳಿಯ ನಾಲಗೆ ತಿರುಗುತ್ತದೆಂದು ಹಿರಿಯರು ನಂಬಿದ್ದರು. ಹಕ್ಕಿಗಳಿಗೆ ಮೆಣಸಿನಕಾಯಿಯ ಉರಿ ತಿಳಿಯುವುದೇ ಇಲ್ಲವೆಂದು ವಿಜ್ಞಾನಿಗಳು ಹೇಳುತ್ತಾರೆ.

ಆ ಹುಡುಗಿಯ ಪ್ರಶ್ನೆಗೆ ಆಮೇಲೆ ಬಸ್ಸಿನಲ್ಲಿ ನನಗೆ ತಿಳಿದಷ್ಟು ಹೇಳಿದೆ. ಶಿಲ್ಪಿಯು ಕೈಮೇಲೆ ಗಿಳಿಯನ್ನು ಕಂಡದ್ದು ನಿಜ. ರೆಕ್ಕೆಯ ವಿಷಯ ಅವನು ಕಲ್ಲಿನಲ್ಲಿ ಹೇಳಿಲ್ಲ. ಈಗ ನಮ್ಮ ಕಾಡಿನ, ತೋಟದ ಗಿಳಿಗಳನ್ನು ಹಿಡಿಯುವುದೂ ಪಂಜರದಲ್ಲಿಡುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಮನೆಯಲ್ಲಿ ಒಂದು ಪಂಜರವಿದೆಯೆಂದಳು. ಮುಂದೆ ಏನು ಮಾಡಿದಳೋ ನಾನು ಕೇಳಲಿಲ್ಲ.

ಚಿಕ್ಕಪ್ಪನವರಿಗೆ ಈಗ ಎಪ್ಪತ್ತು ದಾಟಿದೆ. ಪಾಶ್ಚರನು ತೀರಿಕೊಂಡ ಸೆಪ್ಟೆಂಬರ್ 28ನ್ನು ಪ್ರಪಂಚದಲ್ಲೆಲ್ಲ ಹುಚ್ಚುನಾಯಿ ರೋಗದ ದಿನವೆಂದು ಆಚರಿಸುತ್ತಾರೆ. ಆ ಹೊತ್ತಿನಲ್ಲಿ ಪಶು ಆಸ್ಪತ್ರೆಗಳಲ್ಲಿ ನಾಯಿಗಳಿಗೆ ಲಸಿಕೆ ಹಾಕುವುದುಂಟು. ಚಿಕ್ಕಪ್ಪ ಅಂದು ಬೆಳಗ್ಗೆಯೇ ಎದ್ದು, ನಾಯಿಯ ಕೊರಳಿಗೆ ಹಗ್ಗ ಹಾಕಿಕೊಂಡು, ಸಾಲಿನಲ್ಲಿ ಮೊದಲನೆಯವರಾಗಿ ನಿಂತಿರುತ್ತಾರೆ. ಈ ನಾಯಿ ಬಿಳಿಯದು. ಹೆಸರು ಮಾತ್ರ ಕರಿಯ.