ಸ್ವರ ನೆನಪಿಡಲು ಕಲಿತ ಯಂತ್ರ

ಮನುಷ್ಯನ ಕೈ ಸೋಕದೆ ವಾದ್ಯ ತಾನಾಗಿ ನುಡಿಯಬೇಕೆಂಬ ಆಸೆ ಬಹಳ ಹಳೆಯದು. ಒಂಬತ್ತನೆಯ ಶತಮಾನದಲ್ಲಿಯೇ ಬಾಗ್ದಾದಿನ ಬನೂ ಮೂಸಾ ಸಹೋದರರು, ಮೊಳೆ ಜೋಡಿಸಿದ ಉರುಳೆಯ ಬಲದಿಂದ ನುಡಿಯುವ ಕೊಳಲೊಂದರ ವಿವರವನ್ನು ಬರೆದಿಟ್ಟರು. ಸಿಂಥಸೈಜರ್ ಎಂಬ ವಿದ್ಯುತ್ ವಾದ್ಯದೊಳಗಿನ ‘ಸೀಕ್ವೆನ್ಸರ್’ ಆ ಉರುಳೆಯ ವಂಶದ್ದೇ. ಸ್ವರಗಳ ಸಾಲನ್ನು ನೆನಪಿಟ್ಟು ಒಪ್ಪಿಸುವುದು ಅದರ ಕೆಲಸ.

ಅದರ ಹುಟ್ಟಿಗೆ ಕಾರಣ ಬೇಸರ. 1950ರ ದಶಕದಲ್ಲಿ ವಿದ್ಯುತ್ ಸಂಗೀತ ರಚಿಸುವವರಿಗೆ ಬ್ಲೇಡು, ಅಂಟುಪಟ್ಟಿಗಳೇ ಗತಿಯಾಗಿದ್ದುವು. ಒಂದೊಂದು ಸ್ವರವನ್ನೂ ಟೇಪಿನ ಮೇಲೆ ಮುದ್ರಿಸಿ, ಅಳೆದು, ಕತ್ತರಿಸಿ, ಒಂದಕ್ಕೊಂದು ಅಂಟಿಸಬೇಕು. ಸೆಕೆಂಡಿಗೆ 15 ಅಂಗುಲ ಓಡುವ ಟೇಪಿನಲ್ಲಿ ಕಾಲು ಸೆಕೆಂಡಿನ ಸ್ವರವೆಂದರೆ ನಾಲ್ಕು ಅಂಗುಲಕ್ಕೂ ಕಡಿಮೆಯ ತುಂಡು. ಒಂದು ನಿಮಿಷಕ್ಕೆ ಇಂಥ 240 ತುಂಡುಗಳು!

1962ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಟೇಪ್ ಸಂಗೀತ ಕೇಂದ್ರವನ್ನು ಸ್ಥಾಪಿಸಿದ ಮಾರ್ಟನ್ ಸುಬಾಟ್ನಿಕ್ ಮತ್ತು ರಮೋನ್ ಸೆಂಡರ್ ಅವರಿಗೆ ಈ ದರ್ಜಿಯ ಕೆಲಸ ಸಾಕಾಗಿತ್ತು. ಅವರ ಕೋರಿಕೆಯಂತೆ, ರಾಕ್‌ಫೆಲರ್ ಪ್ರತಿಷ್ಠಾನದ 500 ಡಾಲರ್ ನೆರವಿನಿಂದ, ಡೊನಾಲ್ಡ್ ಬುಕ್ಲಾ ಎಂಬಾತ ಹೊಸ ವಾದ್ಯವೊಂದನ್ನು ಕಟ್ಟಿಕೊಟ್ಟ. ಅದರಲ್ಲಿ ಎಂಟು ಮತ್ತು 16 ಹಂತಗಳ ಸೀಕ್ವೆನ್ಸರುಗಳಿದ್ದುವು.

ಅದರ ಮರ್ಮ ಸರಳ. ಹಂತಕ್ಕೊಂದು ತಿರುಪು, ತಿರುಪು ಎಷ್ಟು ತಿರುಗಿದೆಯೋ ಅಷ್ಟು ವೋಲ್ಟೇಜು. ಒಳಗಿನ ಗಡಿಯಾರ ಮಿಡಿದಂತೆಲ್ಲ ಸರದಿಯ ಮೇಲೆ ಒಂದೊಂದರ ವೋಲ್ಟೇಜು ಹೊರಬೀಳುತ್ತದೆ. ಅದನ್ನು ತಂತಿಯ ಮೂಲಕ ಧ್ವನಿ ಹುಟ್ಟಿಸುವ ಭಾಗಕ್ಕೆ ಕೊಟ್ಟರೆ, ವೋಲ್ಟೇಜು ಏರಿದಂತೆ ಸ್ವರವೂ ಏರುತ್ತದೆ. ಧ್ವನಿಯ ಅಲೆ ದುಂಡಗಿದ್ದರೆ ನಾದ ಮೃದು. ಗರಗಸದ ಹಲ್ಲಿನಂತಿದ್ದರೆ ಒರಟು. ಅದೇ ತಂತಿಯನ್ನು ಬೇರೆಡೆಗೆ ಸಿಕ್ಕಿಸಿದರೆ ಸ್ವರದ ಬದಲು ನಾದದ ಏರಿಳಿತವೇ ಸರದಿಗೆ ಒಳಗಾಗುತ್ತದೆ.

ನಮ್ಮ ಸರಳೆ ವರಸೆಯ ಮೊದಲ ಎಂಟು ಸ್ವರಗಳನ್ನು ಎಂಟು ತಿರುಪುಗಳಲ್ಲಿ ಕೂರಿಸಿದರೆ ಈ ಶಿಷ್ಯ ಬೆಳಗಿನವರೆಗೂ ದಣಿಯದೆ ಒಪ್ಪಿಸೀತು. ಪಿಯಾನೋದ ಹನ್ನೆರಡೇ ಮನೆಗಳ ಕಟ್ಟೂ ಅದಕ್ಕಿಲ್ಲ. ತಿರುಪು ನಿಂತಲ್ಲೇ ಶ್ರುತಿ. ಆದರೆ ಮೆಟ್ಟಿಲಿಂದ ಮೆಟ್ಟಿಲಿಗೆ ಜಿಗಿಯುವ ಅದಕ್ಕೆ ಗಮಕ ತಾನಾಗಿ ಬಾರದು. ಯಾವ ತಿರುಪು ಎಲ್ಲಿ ನಿಲ್ಲಬೇಕೆಂದು ಹೇಳಲು ಕಿವಿಯುಳ್ಳವನೇ ಬೇಕು. ಸುಬಾಟ್ನಿಕ್ ಆ ವಾದ್ಯದಲ್ಲಿ ರಚಿಸಿದ ‘ಸಿಲ್ವರ್ ಆ್ಯಪಲ್ಸ್ ಆಫ್ ದಿ ಮೂನ್’ 1967ರಲ್ಲಿ ಧ್ವನಿಮುದ್ರಿಕೆಯಾಗಿ ಹೊರಬಂತು.

ಈ ನೆನಪಿನ ಯಂತ್ರಕ್ಕೆ ದೊಡ್ಡದೊಂದು ಮರೆವೂ ಇತ್ತು. ತಂತಿಗಳನ್ನು ಕಿತ್ತು ತಿರುಪುಗಳನ್ನು ಕದಲಿಸಿದರೆ ಕಟ್ಟಿದ ನಾದಲೋಕವೆಲ್ಲ ಮಾಯ. 1979ರಲ್ಲಿ ಸಿಡ್ನಿಯಲ್ಲಿ ತಯಾರಾದ ಫೇರ್‌ಲೈಟ್ ಯಂತ್ರ, ನಿಜವಾದ ವಾದ್ಯಗಳ ನಾದದ ತುಣುಕುಗಳನ್ನೇ ಅಂಕಿಗಳಾಗಿ ಡಿಸ್ಕಿನಲ್ಲಿ ಕಾದಿಡಬಲ್ಲುದಾಗಿತ್ತು. ಅದಕ್ಕೂ ಹಿಂದಿನ ರಚನೆಗಳಿಗೆ, ಯಾವುದರ ಸೆರೆಯಿಂದ ಪಾರಾಗಲು ಈ ಯಂತ್ರ ಹುಟ್ಟಿತೋ ಆ ಟೇಪೇ ಆಸರೆ.

ನಮ್ಮ ದೇಶದಲ್ಲೇ ಇದಕ್ಕೊಂದು ನಿದರ್ಶನವಿದೆ. 1969ರಲ್ಲಿ ಅಮೆರಿಕದ ಡೇವಿಡ್ ಟ್ಯೂಡರ್ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ, ಬುಕ್ಲಾನ ಸಮಕಾಲೀನ ರಾಬರ್ಟ್ ಮೂಗ್ ರೂಪಿಸಿದ ಸಿಂಥಸೈಜರನ್ನು ಸ್ಥಾಪಿಸಿದರು. ಗೀತಾ ಸಾರಾಭಾಯಿ, ಅತುಲ್ ದೇಸಾಯಿ ಮೊದಲಾದವರು ಅಲ್ಲಿ ಪ್ರಯೋಗ ನಡೆಸಿದರು. 1972ರವರೆಗಿನ ಆ ಟೇಪುಗಳು ಸಂಸ್ಥೆಯ ಸಂಗ್ರಹದಲ್ಲಿ ದಶಕಗಳ ಕಾಲ ಕೇಳುವವರಿಲ್ಲದೆ ಕುಳಿತಿದ್ದುವು. ಬ್ರಿಟನ್ನಿನ ಪಾಲ್ ಪರ್ಗಸ್ ಅವುಗಳನ್ನು ಹುಡುಕಿ ತೆಗೆದ ಮೇಲೆ, 2023ರಲ್ಲಿ ಆಯ್ದ ರಚನೆಗಳು ಪ್ರಕಟವಾದುವು. ಯಂತ್ರ ಮರೆಯುವುದು ಸಹಜ. ಅರ್ಧ ಶತಮಾನ ಮರೆತವರು ನಾವು.