ಹುಬ್ಬಳ್ಳಿಯ ಪಗಾರ, ವಾಸ್ಕೋದ ಬಾಡಿಗೆ

"ಹುಬ್ಬಳ್ಳಿಯಾಗ ಬರೋ ಪಗಾರಾನ ಇಲ್ಲೂ ಬರತೈತಿ, ಮತ್ತ ಇಲ್ಲಿ ಯಾಕ ಸಾಲೂದಿಲ್ರೀ ಸರ್?" ವರ್ಗಾವಣೆಯಾಗಿ ಗೋವಾಕ್ಕೆ ಬರುವ ಆಫೀಸು ನೌಕರರು ಕೇಳುವ ಮಾತಿದು. ಇದಕ್ಕೆ ಉತ್ತರ ಹುಡುಕಲು ಸ್ವಲ್ಪ ಇತಿಹಾಸಕ್ಕೆ ಹೋಗಬೇಕು.

ಧಾರವಾಡ ಸೀಮೆಗೂ ಮುರಗಾಂವ ಬಂದರಿಗೂ ನಂಟು ಬೆಳೆದದ್ದು ರೈಲಿನಿಂದ. ಮುರಗಾಂವದಿಂದ ಕ್ಯಾಸಲ್ ರಾಕ್‌ವರೆಗಿನ ಹಳಿ 1888ರಲ್ಲಿ ತೆರೆಯಿತು. 1902ರಿಂದ ಈ ದಾರಿಯನ್ನು ನಡೆಸಿದ್ದು ಸದರ್ನ್ ಮರಾಠಾ ರೈಲ್ವೆ. ಅಂದರೆ ಪೋರ್ತುಗೀಸರ ನೆಲದ ರೈಲನ್ನು ಬ್ರಿಟಿಷ್ ಭಾರತದ ಕಂಪನಿ ಓಡಿಸುತ್ತಿತ್ತು! ನೆಲ ಒಂದು ಸರಕಾರದ್ದು, ರೈಲು ಇನ್ನೊಂದು ಸೀಮೆಯದು, ನಾಣ್ಯವೂ ಬೇರೆ.

ನಾಣ್ಯದ ಕತೆ ಸ್ವಾರಸ್ಯದ್ದು. ಗೋವಾದಲ್ಲಿ ಮೊದಲು 'ರುಪಿಯಾ' ಇತ್ತು. 1958ರಲ್ಲಿ ಅದನ್ನು ತೆಗೆದು, ಒಂದು ರುಪಿಯಾಕ್ಕೆ ಆರು ಎಸ್ಕುಡೊ ಲೆಕ್ಕದಲ್ಲಿ ಹೊಸ ನಾಣ್ಯ ತಂದರು. ನೂರು ರುಪಿಯಾ ಪಗಾರದ ಗುಮಾಸ್ತನ ಕೈಗೆ ಒಮ್ಮೆಲೇ ಆರು ನೂರು ಎಸ್ಕುಡೊ! ಆದರೆ ಅಂಗಡಿಯ ಬೆಲೆಯೂ ಆರು ಪಟ್ಟು ಬರೆದಿರುತ್ತಿತ್ತಲ್ಲ. 1955ರಲ್ಲಿ ಗಡಿ ಬಿಗಿಯಾಗಿ ರೈಲು ನಿಂತ ಮೇಲೆ ಬೆಳಗಾವಿ ಕಡೆಯ ತರಕಾರಿ ತಪ್ಪಿ, ಆಲೂಗಡ್ಡೆ ಹಾಲೆಂಡಿನಿಂದ, ಚಹಾ ಸಿಲೋನಿನಿಂದ ಹಡಗಿನಲ್ಲಿ ಬಂದವು. ಪಗಾರದ ಅಂಕಿ ಒಂದು, ಅದರಿಂದ ಸಂತೆಯಲ್ಲಿ ಸಿಗುವ ಸಾಮಾನು ಮತ್ತೊಂದು ಎಂದು ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 1961ರ ಡಿಸೆಂಬರ್ 19ರ ವಿಮೋಚನೆಯ ನಂತರ ಭಾರತದ ರೂಪಾಯಿ ಬಂತು. ಒಂದು ಎಸ್ಕುಡೊಗೆ ಸುಮಾರು 16.67 ನಯಾ ಪೈಸೆ.

ಇನ್ನು ಈಗಿನ ಲೆಕ್ಕ. 2003ರ ಏಪ್ರಿಲ್ 1ರಂದು ಹುಬ್ಬಳ್ಳಿ ಕೇಂದ್ರವಾಗಿ ನೈಋತ್ಯ ರೈಲ್ವೆ ಶುರುವಾಯಿತು, ವಾಸ್ಕೋ ಹುಬ್ಬಳ್ಳಿ ವಿಭಾಗಕ್ಕೆ ಸೇರಿತು. ಹಿರಿಯ ಗುಮಾಸ್ತರೊಬ್ಬರು ಹುಬ್ಬಳ್ಳಿಯಿಂದ ವಾಸ್ಕೋಗೆ ಬಂದರೆನ್ನಿ. ಮೂಲವೇತನ 29,200 ಎರಡೂ ಕಡೆ ಒಂದೇ. ತುಟ್ಟಿಭತ್ಯೆಯೂ ಒಂದೇ, ಏಕೆಂದರೆ ಅದನ್ನು ಕಟ್ಟುವುದು ಅಖಿಲ ಭಾರತ ಸರಾಸರಿ ಬೆಲೆ ಸೂಚ್ಯಂಕದ ಮೇಲೆ. (ಊರೂರಿನ ಸೂಚ್ಯಂಕ ಹೋಲಿಸಿ 'ಆ ಊರು ತುಟ್ಟಿ' ಎನ್ನುವವರಿದ್ದಾರೆ, ಆ ಅಂಕಿ ಹೇಳುವುದು ಅದೇ ಊರಿನಲ್ಲಿ ಹಿಂದಿಗಿಂತ ಎಷ್ಟು ಏರಿತು ಎಂಬುದನ್ನಷ್ಟೇ.)

ಊರಿಗೆ ತಕ್ಕಂತೆ ಬದಲಾಗುವುದು ಮುಖ್ಯವಾಗಿ ಮನೆಬಾಡಿಗೆ ಭತ್ಯೆ. 50 ಲಕ್ಷಕ್ಕೂ ಮೇಲ್ಪಟ್ಟ ಜನಸಂಖ್ಯೆಯ ಊರು ಎಕ್ಸ್ ದರ್ಜೆ, 5 ಲಕ್ಷದಿಂದ 50 ಲಕ್ಷದವರೆಗೆ ವೈ, ಉಳಿದದ್ದು ಝಡ್. 2024ರ ಜನವರಿಯಲ್ಲಿ ತುಟ್ಟಿಭತ್ಯೆ ಶೇ. 50 ಮುಟ್ಟಿದಾಗ ಈ ದರ್ಜೆಗಳಿಗೆ ಶೇ. 30, 20, 10 ಆಯಿತು. ಬೆಂಗಳೂರು ಎಕ್ಸ್, ಹುಬ್ಬಳ್ಳಿ-ಧಾರವಾಡ ವೈ. 2011ರ ಜನಗಣತಿಯಲ್ಲಿ ಇಡೀ ಗೋವಾ ರಾಜ್ಯದ ಜನ 14.58 ಲಕ್ಷ, ಇಲ್ಲಿಯ ಯಾವ ಊರೂ ತಾನಾಗಿ ವೈ ದರ್ಜೆಗೆ ಏರುವುದಿಲ್ಲ. ಆದರೂ ಶಿಲ್ಲಾಂಗ್, ಪೋರ್ಟ್ ಬ್ಲೇರ್ ಜೊತೆ ಗೋವಾಕ್ಕೂ ಕೇಂದ್ರ ಸರಕಾರ ವಿಶೇಷ ಆದೇಶದಿಂದ ವೈ ದರವನ್ನೇ ಮುಂದುವರಿಸಿದೆ. ಆ ಆದೇಶ ಇಲ್ಲದಿದ್ದರೆ ನಮ್ಮ ಗುಮಾಸ್ತರಿಗೆ 5,840ರ ಬದಲು 2,920 ಮಾತ್ರ. ಬೆಂಗಳೂರಿನಲ್ಲಾದರೆ 8,760.

ಆದೇಶ ಒಳ್ಳೆಯದೇ, ಆದರೆ ಅದು ವಾಸ್ಕೋವನ್ನು ಹುಬ್ಬಳ್ಳಿಗೆ ಸಮ ಮಾಡಿತೇ ಹೊರತು ಹೆಚ್ಚಿಗೆ ಕೊಡಲಿಲ್ಲ. ಬಂದರು, ಕಾರಖಾನೆ, ಪ್ರವಾಸೋದ್ಯಮ ಮೂರೂ ಸೇರಿ ಎಳೆಯುವ ಬಾಡಿಗೆ ಹುಬ್ಬಳ್ಳಿಯ ಹಳೇ ಓಣಿಯ ಬಾಡಿಗೆಯಂತಿಲ್ಲ. ತರಕಾರಿ ಈಗಲೂ ಬೆಳಗಾವಿಯಿಂದ ಘಾಟು ಇಳಿದು ಬರಬೇಕು. ತೋಟಗಾರಿಕಾ ನಿಗಮದ ಗಾಡಾಗಳಲ್ಲಿ ಸಬ್ಸಿಡಿ ದರಕ್ಕೆ ಸಿಗುವುದರಿಂದ ಬಚಾವು. ಜೋಳವಂತೂ ಊರಿನಿಂದ ಚೀಲ ಕಟ್ಟಿಕೊಂಡು ತರುವವರೇ ಹೆಚ್ಚು.

ನಮ್ಮ ಕೊರ್ತಾಲಿಮ್ ಈ ಲೆಕ್ಕದಲ್ಲಿ ಎಲ್ಲಿ ಬರುತ್ತದೆ? 1983ರಲ್ಲಿ ಜುವಾರಿ ಸೇತುವೆ ಆಗುವ ತನಕ ವಾಸ್ಕೋ ಕಡೆಯಿಂದ ಪಣಜಿಯ ಕಚೇರಿಗೆ ಹೋಗುವವರು ಇಲ್ಲಿ ಫೆರಿ ಹತ್ತಿ ಅಗಶಿಗೆ ದಾಟುತ್ತಿದ್ದರು. 2022ರ ಡಿಸೆಂಬರಿನಲ್ಲಿ ಹೊಸ ಸೇತುವೆಯ ಮೊದಲ ಭಾಗ ತೆರೆದ ಮೇಲೆ, ಪಣಜಿಯಲ್ಲಿ ದುಡಿದು ಹೊಳೆಯ ಈಚೆ ಮನೆ ಮಾಡುವುದು ಇನ್ನಷ್ಟು ಸುಲಭವಾಯಿತು. ಉಳಿದ ಹೊತ್ತಿನ ಬೆಲೆಯನ್ನು ಯಾವ ವೇತನ ಆಯೋಗವೂ ಬರೆಯುವುದಿಲ್ಲ ಬಿಡಿ.

ಎಷ್ಟೋ ಮನೆಗಳಲ್ಲಿ ಕಡೆಗೆ ಗಂಡ ಇಲ್ಲಿ, ಹೆಂಡತಿ ಮಕ್ಕಳು ಹುಬ್ಬಳ್ಳಿಯಲ್ಲಿ. ನಮ್ಮ ಕನ್ನಡ ಶಾಲೆಯ ಹಾಜರಿ ಪುಸ್ತಕದಲ್ಲಿ ಎರಡು ಹೆಸರು ಕಡಿಮೆ. ಅವರ ಖರ್ಚಿನಲ್ಲಿ ಎರಡು ಒಲೆ, ಎರಡು ಕರೆಂಟ್ ಬಿಲ್ಲು, ವಾರಕ್ಕೊಮ್ಮೆ ರೈಲು. ಬಾಡಿಗೆ ಭತ್ಯೆ ಮಾತ್ರ ಒಂದೇ.