ಎಕ್ಸ್‌ಪಿಯನ್ನು ಬಿಡಲು ಹಿಡಿದ ಕಾಲ

ಮೈಕ್ರೋಸಾಫ್ಟ್‌ನ ಆಪರೇಟಿಂಗ್ ಸಿಸ್ಟಂ ವಿಂಡೋಸ್ ಎಕ್ಸ್‌ಪಿ 2001ರ ಅಕ್ಟೋಬರ್ 25ರಂದು ಮಾರುಕಟ್ಟೆಗೆ ಬಂತು. ಅದರಲ್ಲಿ ‘ತುಂಗಾ’ ಎಂಬ ಕನ್ನಡ ಯೂನಿಕೋಡ್ ಫಾಂಟ್ ಇತ್ತು. ಕನ್ನಡ ಕಾಣಿಸಬೇಕಾದರೆ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ಭಾಷೆಗಳ ವಿಭಾಗದಲ್ಲಿ ಒಂದು ಟಿಕ್ ಹಾಕಬೇಕಿತ್ತು. ಆಗ ಕಂಪ್ಯೂಟರ್ ಎಕ್ಸ್‌ಪಿಯ ಸಿಡಿ ಕೇಳುತ್ತಿತ್ತು. ಸಿಡಿ ಕೈಗೆ ಸಿಗದಿದ್ದರೆ ಅಕ್ಷರಗಳ ಜಾಗದಲ್ಲಿ ಬರೀ ಖಾಲಿ ಚೌಕಗಳು. ಇಷ್ಟು ಪಾಡುಪಟ್ಟು ಒಗ್ಗಿಸಿಕೊಂಡ ಯಂತ್ರವನ್ನು ಯಾರು ತಾನೇ ಸುಲಭವಾಗಿ ಬಿಟ್ಟಾರು?

ಮುಂದಿನ ಆವೃತ್ತಿಯಾದ ವಿಸ್ತಾ ಜನರ ಕೈಸೇರಿದ್ದು 2007ರ ಜನವರಿಯಲ್ಲಿ. ಅಷ್ಟರೊಳಗೆ ಕಚೇರಿ, ಆಸ್ಪತ್ರೆ, ಎಟಿಎಂಗಳಲ್ಲೆಲ್ಲ ಎಕ್ಸ್‌ಪಿ ಬೇರೂರಿತ್ತು. 2014ರ ಏಪ್ರಿಲ್ 8ಕ್ಕೆ ಮೈಕ್ರೋಸಾಫ್ಟ್ ಅದಕ್ಕೆ ಭದ್ರತಾ ದುರಸ್ತಿ ಕೊಡುವ ಬೆಂಬಲ ನಿಲ್ಲಿಸಿತು. ದಿನಾಂಕ ವರ್ಷಗಳ ಹಿಂದೆಯೇ ಎಲ್ಲರಿಗೂ ಗೊತ್ತಿತ್ತು. ಆದರೂ ಬ್ರಿಟನ್ ಸರ್ಕಾರ ತನ್ನ ಇಲಾಖೆಗಳಿಗಾಗಿ ಇನ್ನೊಂದು ವರ್ಷದ ಬೆಂಬಲವನ್ನು ಸುಮಾರು 55 ಲಕ್ಷ ಪೌಂಡ್ ಕೊಟ್ಟು ಕೊಂಡಿತು.

2017ರ ಮೇ 12ರಂದು, ಕಡತಗಳನ್ನು ಒತ್ತೆಯಿಟ್ಟು ಹಣ ಕೇಳುವ ವನ್ನಾಕ್ರೈ ಎಂಬ ಕುತಂತ್ರಾಂಶದ ದಾಳಿ ನಡೆಯಿತು. ಇಂಗ್ಲೆಂಡಿನ ಸಾರ್ವಜನಿಕ ಆಸ್ಪತ್ರೆಗಳಲ್ಲಿ 6,912 ರೋಗಿಗಳ ಭೇಟಿಗಳು ರದ್ದಾದದ್ದನ್ನು ಅಲ್ಲಿನ ಲೆಕ್ಕಪರಿಶೋಧನಾ ಕಚೇರಿಯ ವರದಿ ದಾಖಲಿಸಿತು. ಬೆಂಬಲ ನಿಂತು ಮೂರು ವರ್ಷವಾಗಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತರಾತುರಿಯಲ್ಲಿ ಪ್ಯಾಚ್ (ದೋಷ ಮುಚ್ಚುವ ತಂತ್ರಾಂಶ) ಬಿಡಬೇಕಾಯಿತು. ಹಾಗೆಂದು ತಪ್ಪನ್ನೆಲ್ಲ ಎಕ್ಸ್‌ಪಿಯ ತಲೆಗೆ ಕಟ್ಟುವುದು ಅನ್ಯಾಯ. ಸೋಂಕು ತಗುಲಿದ ಯಂತ್ರಗಳಲ್ಲಿ ಹೆಚ್ಚಿನವು ವಿಂಡೋಸ್ 7ರವು; ಅವಕ್ಕೆ ಮಾರ್ಚ್‌ನಲ್ಲೇ ಪ್ಯಾಚ್ ಬಂದಿತ್ತು, ಹಾಕಿಕೊಂಡಿರಲಿಲ್ಲ ಅಷ್ಟೆ.

ಎಕ್ಸ್‌ಪಿಯನ್ನು ಯಾವಾಗ, ಹೇಗೆ ಬಿಡುವುದು ಎಂಬ ಪ್ರಶ್ನೆ ಬ್ರೌಸರ್ ತಯಾರಕರಿಗೂ ಎದುರಾಯಿತು. ಗಡುವನ್ನು ಮುಂದೂಡುತ್ತ ಬಂದ ಕ್ರೋಮ್, 2016ರ ಏಪ್ರಿಲ್‌ನಲ್ಲಿ ಎಕ್ಸ್‌ಪಿಯ ಕೈಬಿಟ್ಟಿತು. ಫೈರ್‌ಫಾಕ್ಸ್ ಹಿಡಿದ ದಾರಿ ಬೇರೆ. 2017ರ ಮಾರ್ಚ್‌ನಲ್ಲಿ ಅದು ಎಕ್ಸ್‌ಪಿ ಬಳಕೆದಾರರನ್ನು 52ನೇ ಆವೃತ್ತಿಯ ದೀರ್ಘಾವಧಿ ಶಾಖೆಗೆ ತಾನಾಗಿಯೇ ವರ್ಗಾಯಿಸಿತು. ಅವರಿಗೆ ಹೊಸ ಸೌಲಭ್ಯ ಇಲ್ಲ, ಭದ್ರತಾ ದುರಸ್ತಿ ಮಾತ್ರ, ಅದೂ 2018ರವರೆಗೆ. ಎಂಜಿನಿಯರುಗಳ ಕೈಯನ್ನೂ ಕಟ್ಟದೆ, ಹೊಸ ಕಂಪ್ಯೂಟರ್ ಕೊಳ್ಳಲಾಗದವರನ್ನೂ ಒಮ್ಮೆಲೇ ಬೀದಿಗೆ ಬಿಡದೆ ಮಾಡಿದ ಈ ಏರ್ಪಾಡೇ ಸರಿಯಾದದ್ದು.

ಭಾರತದ ಎಟಿಎಂಗಳಿಗೆ ಬೇಕಾಗಿದ್ದುದು ಖಡಕ್ಕಾದ ಆದೇಶ. 2018ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಹಂತ ಹಂತದ ಗಡುವು ವಿಧಿಸಿತು: ಸೆಪ್ಟೆಂಬರ್‌ಗೆ ಕಾಲು ಭಾಗ, ಡಿಸೆಂಬರ್‌ಗೆ ಅರ್ಧ, ಮಾರ್ಚ್‌ಗೆ ಮುಕ್ಕಾಲು. ಎಲ್ಲ ಎಟಿಎಂಗಳೂ ಬೆಂಬಲವಿರುವ ಆಪರೇಟಿಂಗ್ ಸಿಸ್ಟಂಗೆ ಬದಲಾಗಬೇಕಿದ್ದ ಕೊನೆಯ ಗಡುವು 2019ರ ಜೂನ್. ಎಕ್ಸ್‌ಪಿಗೆ ಬೆಂಬಲ ನಿಂತು ಆಗಲೇ ಐದು ವರ್ಷ ದಾಟಿತ್ತು.